ಕಟ್ಟೆ ಕಟ್ಟಿದರು, ಕೊಕ್ಕರೆ ಬಂತು

ರಂಗನತಿಟ್ಟಿನಲ್ಲಿ ದೋಣಿಗೆ ಕಾಯುತ್ತ ನಿಂತವರಿಗೆ ಇದು ಆದಿಕಾಲದಿಂದಲೂ ಹೀಗೇ ಇದ್ದ ಜಾಗ ಅನ್ನಿಸುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ, ಹೊಳೆಮತ್ತಿ ಮರದ ತುಂಬ ಗೂಡು. ಆದರೆ ಈ ನಡುಗಡ್ಡೆಗಳಿಗೆ ಹುಟ್ಟಿದ ಕಾಲವಿದೆ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1645–48ರ ಸುಮಾರಿಗೆ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ಹಿನ್ನೀರು ಹರಡಿತು, ಎತ್ತರದ ನೆಲವಷ್ಟೇ ಅಲ್ಲಲ್ಲಿ ತಲೆಯೆತ್ತಿ ತಿಟ್ಟುಗಳಾದವು.

ಸುತ್ತ ನೀರಿದ್ದರೆ ನಾಯಿ, ನರಿ ಸುಲಭಕ್ಕೆ ದಾಟಿ ಬರಲಾರವು. ಗೂಡು ಕಟ್ಟುವ ಹಕ್ಕಿ ಮೊದಲು ನೋಡುವುದು ಅದನ್ನೇ. ಇನ್ನು ಹೊಟ್ಟೆಪಾಡು? ಅದಕ್ಕೆ ನಾಲೆ ಬಯಲಿನ ಭತ್ತದ ಗದ್ದೆಗಳಿವೆ. ಬಾಯ್ಕಳಕ ಕೊಕ್ಕರೆಯನ್ನು ಹತ್ತಿರದಿಂದ ನೋಡಬೇಕು. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಹೆಸರು ಬಂದಿದ್ದೇ ಆ ಸಂದಿನಿಂದ. ಕೆಸರಿನಲ್ಲಿ ಬಸವನಹುಳು ಸಿಕ್ಕಿದರೆ ಚಿಪ್ಪನ್ನು ಒಡೆಯುವುದಿಲ್ಲ. ಕೆಳಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯುವನ್ನು ಕತ್ತರಿಸಿ, ಮಾಂಸವನ್ನಷ್ಟೇ ಎಳೆದು ನುಂಗುತ್ತದೆ. ಮರಿಯ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ. ಪೈರು ತಿನ್ನುವ ಹುಳುವನ್ನು ಹಕ್ಕಿ ತಿನ್ನುತ್ತದೆ. ರೈತ ಒಂದು ಕಾಸೂ ಕೊಡದ ಚಾಕರಿ ಇದು.

ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ಕಂಡು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿ, ರಾಜ್ಯದ ಮೊದಲ ರಾಮ್‌ಸಾರ್ ತಾಣದ ಮನ್ನಣೆಯೂ ಸಿಕ್ಕಿತು. ಎರಡು ವರ್ಷ ಕಳೆಯುವುದರೊಳಗೆ ಆ ಪಟ್ಟಿಗೆ ಸೇರಿದ ಅಂಕಸಮುದ್ರ, ಮಾಗಡಿ ಕೆರೆಗಳೂ ಜನ ನೀರಾವರಿಗೆಂದು ಕಟ್ಟಿಕೊಂಡವೇ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರುತ್ತವೆ.

ಕಟ್ಟಿದ ನೀರಿಗೆ ಕಾವಲೂ ಬೇಕು. ಮೇಲುಗಡೆ ಕೃಷ್ಣರಾಜಸಾಗರದಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ತಗ್ಗಿನ ತಿಟ್ಟುಗಳು ಮುಳುಗಿ, ಮೊಟ್ಟೆ ಮರಿ ಕೊಚ್ಚಿಹೋಗುತ್ತವೆ. ತೀರ ಕಡಿಮೆ ಬಿಟ್ಟರೆ ನಾಯಿ ನಡೆದೇ ದಾಟುತ್ತದೆ. ನಾನು ಹೇಳುವುದಿಷ್ಟೆ: ನೀರು ಬಿಡುವ ಲೆಕ್ಕದಲ್ಲಿ ಕುಡಿಯುವ ನೀರು, ಬೆಳೆಯ ಜೊತೆಗೆ ಗೂಡಿಗೂ ಒಂದು ಕಲಂ ಇರಲಿ. ತಿಟ್ಟಿಗೆ ಬೇಲಿ ಹಾಕಿ ಗದ್ದೆ ಬಯಲನ್ನು ಬಡಾವಣೆಗೆ ಬಿಟ್ಟುಕೊಟ್ಟರೆ ಪಕ್ಷಿಧಾಮದಲ್ಲಿ ಮರ ಉಳಿದೀತು, ಹಕ್ಕಿ ಉಳಿಯದು.

ಮುಂದಿನ ಸಲ ಹೋದಾಗ ದೋಣಿ ಇಳಿದ ಕೂಡಲೇ ಕಾರು ಹತ್ತಬೇಡಿ. ಪಾಲಹಳ್ಳಿ ಕಡೆಯ ಗದ್ದೆ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ.