ಬಕ್ಷೀಸ ಪತ್ರಕ್ಕೆ ಸಹಿ ಹಾಕುವ ಮೊದಲು

ಊರಿನಲ್ಲಿರುವ ತಂದೆತಾಯಿಗಳ ಬಗೆಗೆ ನಮ್ಮ ವಾಚನಾಲಯದಲ್ಲಿ ಎರಡು ಬಗೆಯ ಮಾತು ನಡೆಯುತ್ತದೆ. ಒಂದು, ಈ ತಿಂಗಳು ಮನೆಗೆ ಹಣ ಕಳಿಸಿದ್ದಾಯಿತೇ ಎಂಬುದು; ಅದನ್ನು ಎಲ್ಲರೂ ಎಲ್ಲರೆದುರು ಕೇಳುತ್ತಾರೆ. ಇನ್ನೊಂದನ್ನು ಹಾಗೆ ಕೇಳುವುದಿಲ್ಲ. ಪತ್ರಿಕೆ ಮಡಚಿಟ್ಟು, ಪಕ್ಕದವರು ಎದ್ದುಹೋದ ಮೇಲೆ, ತಗ್ಗಿದ ದನಿಯಲ್ಲಿ ಬರುತ್ತದೆ: “ಅಪ್ಪ ಹೊಲ, ಮನಿ ಎರಡೂ ಅಣ್ಣನ ಹೆಸರಿಗೆ ಬರದುಕೊಟ್ಟಾರ್ರಿ. ಈಗ ಅಣ್ಣ ಅವರನ್ನ ನೋಡಿಕೊಳ್ಳವಲ್ಲ. ಏನರೆ ಮಾಡಾಕ ಬರ್ತದೇನ್ರಿ?”

ಮಾಡಲಿಕ್ಕೆ ಬರುತ್ತದೆ, ಆದರೆ ಎಲ್ಲ ಸಂದರ್ಭದಲ್ಲಿಯೂ ಅಲ್ಲ. ಅಪ್ಪ ಸಹಿ ಹಾಕಿದ ಕಾಗದದಲ್ಲಿ ಒಂದು ಸಾಲು ಇತ್ತೇ ಇಲ್ಲವೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಆ ಒಂದು ಸಾಲಿನ ಸಲುವಾಗಿಯೇ ಈ ಲೇಖನ ಬರೆಯುತ್ತಿದ್ದೇವೆ. ನಾವು ವಕೀಲರಲ್ಲ, ಮಿಲ್ಲಿನಲ್ಲಿ ಹಾಜರಿ ಪುಸ್ತಕ ಬರೆಯುವವರು. ಕಾಯದೆಯಲ್ಲಿ ಇರುವುದನ್ನೂ ಸುಪ್ರೀಂ ಕೋರ್ಟು ಹೇಳಿದ್ದನ್ನೂ ನಮ್ಮಂಥವರಿಗೆ ತಿಳಿಯುವ ಮಾತಿನಲ್ಲಿ ಇಡುವುದಷ್ಟೇ ಇಲ್ಲಿಯ ಕೆಲಸ.

ಬಕ್ಷೀಸ ಪತ್ರವೆಂದರೂ ದಾನಪತ್ರವೆಂದರೂ ಕಾಗದ ಒಂದೇ. ಮನೆ, ಹೊಲ ಮುಂತಾದ ಸ್ಥಿರ ಆಸ್ತಿಯನ್ನು ದಾನ ಕೊಡಬೇಕಾದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯದೆ ಹೇಳುತ್ತದೆ. ನೋಂದಾಯಿಸಿ, ಪಡೆದವನು ಒಪ್ಪಿಕೊಂಡನೆಂದರೆ ಆಸ್ತಿ ಅಂದಿನಿಂದಲೇ ಅವನದು. ತಂದೆ ಅದೇ ಪಡಸಾಲೆಯಲ್ಲಿ ಅದೇ ಮಂಚದ ಮೇಲೆ ಮಲಗುತ್ತಿರಬಹುದು; ಆದರೆ ಕಾಗದದ ಪ್ರಕಾರ ಆತ ಈಗ ಮಗನ ಮನೆಯಲ್ಲಿ ಇರುವವನು. ಮನಸ್ಸು ಬದಲಾಯಿತೆಂಬ ಒಂದೇ ಕಾರಣಕ್ಕೆ ಕೊಟ್ಟದ್ದನ್ನು ತಿರುಗಿ ಪಡೆಯಲು ಆ ಕಾಯದೆಯಲ್ಲಿ ಎಡೆಯಿಲ್ಲ.

ಹೀಗಿದ್ದರೂ ಹಿರಿಯರು ಏಕೆ ಬರೆದುಕೊಡುತ್ತಾರೆ? ತಾವು ಸತ್ತ ಮೇಲೆ ಮಕ್ಕಳು ಕಚೇರಿ ಕಚೇರಿ ಅಲೆಯಬಾರದೆಂಬುದು ಮೊದಲನೆಯ ಕಾರಣ. ಕುಟುಂಬದೊಳಗಿನ ದಾನಕ್ಕೆ ಸ್ಟ್ಯಾಂಪಿನ ಖರ್ಚು ಬಹಳ ಕಡಿಮೆ ಎಂಬುದು ಇನ್ನೊಂದು. ಹೆಸರಿನಲ್ಲಿ ಆಸ್ತಿ ಇದ್ದರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆಂದು ಮಗ ಹೇಳುವುದೂ ಉಂಟು. ಇವುಗಳಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಆದರೆ ನಾವು ಕಂಡಂತೆ, ಅನೇಕ ತಂದೆಯರ ಮನಸ್ಸಿನಲ್ಲಿರುವುದು ‘ನನ್ನ ನಂತರ ಮಗನಿಗೆ’ ಎಂಬ ಮಾತು. ಸಹಿ ಬೀಳುವುದು ಮಾತ್ರ ‘ಇಂದಿನಿಂದಲೇ ಮಗನಿಗೆ’ ಎಂಬ ಕಾಗದಕ್ಕೆ.

‘ನನ್ನ ನಂತರ’ ಎಂದು ಹೇಳುವ ಕಾಗದ ಬೇರೆ ಇದೆ. ಅದೇ ಮೃತ್ಯುಪತ್ರ, ದಕ್ಷಿಣದ ಕಡೆಯವರು ಉಯಿಲು ಎನ್ನುತ್ತಾರೆ. ಇದಕ್ಕೆ ಸ್ಟ್ಯಾಂಪ್ ಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 1925ರ ಭಾರತೀಯ ಉತ್ತರಾಧಿಕಾರ ಕಾಯದೆಯಂತೆ ಬರೆದವರ ಸಹಿ ಅಥವಾ ಹೆಬ್ಬೆಟ್ಟು ಬೇಕು, ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳು ಬರೆದವರೆದುರಿಗೇ ಸಹಿ ಹಾಕಬೇಕು. ಬರೆದವರು ಬದುಕಿರುವವರೆಗೆ ಅದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಮಗನ ನಡತೆ ಸರಿಕಾಣದಿದ್ದರೆ ಹರಿದು ಹಾಕಿ ಮತ್ತೊಂದು ಬರೆಯಬಹುದು; ಎಷ್ಟು ಸಲ ಬೇಕಾದರೂ ಬರೆಯಬಹುದು. ಸಾಕ್ಷಿಗಳ ವಿಷಯದಲ್ಲಿ ಒಂದು ಮಾತು. ಮುಂದೆ ವ್ಯಾಜ್ಯ ಬಂದರೆ ಕನಿಷ್ಠ ಒಬ್ಬ ಸಾಕ್ಷಿ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ತಂದೆಯ ಓರಗೆಯ ಎಂಬತ್ತು ವರ್ಷದ ಗೆಳೆಯರಿಬ್ಬರನ್ನು ಹಿಡಿದು ತರುವುದಕ್ಕಿಂತ ವಯಸ್ಸಿನಲ್ಲಿ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ, ಊರಲ್ಲಿ ಹೆಸರುಳ್ಳ ಇಬ್ಬರನ್ನು ಆರಿಸುವುದು ಮೇಲು.

ಯಾರು ಕೇಳಿದರೂ ನಾವು ಹೇಳುವುದು ಇಷ್ಟೇ: ಮೃತ್ಯುಪತ್ರ ಸಾಲುವ ಕಡೆ ಬಕ್ಷೀಸ ಪತ್ರ ಬೇಡ. ಮಗನೇ ಓದುತ್ತಿದ್ದರೆ ಅವನಿಗೂ ಇದೇ ಮಾತು.

ಇನ್ನು ಬಕ್ಷೀಸ ಪತ್ರವೇ ಆಗಬೇಕೆಂದಿದ್ದರೆ ಆ ಒಂದು ಸಾಲಿನ ಸಂಗತಿ. 2007ರಲ್ಲಿ ಪಾರ್ಲಿಮೆಂಟು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯದೆಯನ್ನು ಮಾಡಿತು. ಅದರ 23ನೆಯ ಕಲಮು ಹೀಗೆ ಹೇಳುತ್ತದೆ: ಕಾಯದೆ ಜಾರಿಯಾದ ನಂತರ 60 ವರ್ಷ ತುಂಬಿದವರು ತಮ್ಮ ಆಸ್ತಿಯನ್ನು ದಾನವಾಗಿಯೋ ಬೇರೆ ರೀತಿಯಲ್ಲಿಯೋ ಕೊಟ್ಟಿದ್ದು, ಪಡೆದವನು ಅವರ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತು ಅದರಲ್ಲಿದ್ದು, ಅವನು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ಭಾವಿಸಬೇಕು, ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ರದ್ದೆಂದು ಸಾರಬಹುದು.

ಇಲ್ಲಿ ‘ಷರತ್ತು ಇದ್ದು’ ಎಂಬ ಮಾತನ್ನು ಗಮನಿಸಬೇಕು. 2022ರ ಡಿಸೆಂಬರದಲ್ಲಿ ಒಬ್ಬ ತಾಯಿ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟ ಆಸ್ತಿಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಂಥ ಷರತ್ತು ಇತ್ತೆಂದು ತೋರಿಸದ ಹೊರತು 23ನೆಯ ಕಲಮು ಅನ್ವಯಿಸದೆಂದು ಕೋರ್ಟು ಹೇಳಿತು. ಪ್ರೀತಿಯಿಂದ ಕೊಟ್ಟೆವೆಂದು ಮಾತ್ರ ಬರೆದರೆ ಆಸರೆಯಾಗದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛತರ್‌ಪುರದ ಕಡೆಯ ತಾಯಿಯೊಬ್ಬಳ ಪ್ರಕರಣದಲ್ಲಿ ಅದೇ ಕೋರ್ಟು ದಾನಪತ್ರವನ್ನು ರದ್ದುಗೊಳಿಸಿ ಆಸ್ತಿಯ ಸ್ವಾಧೀನವನ್ನು ಆಕೆಗೆ ತಿರುಗಿ ಕೊಡಿಸಿತು. ಅಲ್ಲಿ ದಾನಪತ್ರದೊಂದಿಗೆ, ಕಡೆಯವರೆಗೂ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಈ ಕಾಯದೆ ಹಿರಿಯರ ಹಿತಕ್ಕಾಗಿ ಆದದ್ದು, ಅದನ್ನು ಉದಾರವಾಗಿಯೇ ಓದಬೇಕೆಂದು ಕೋರ್ಟು ಆಗ ಹೇಳಿತು. ಎರಡು ತೀರ್ಪುಗಳನ್ನೂ ಒಟ್ಟಿಗಿಟ್ಟು ನೋಡಿದರೆ ಷರತ್ತು ಬಾಯಿಮಾತಿನಲ್ಲಿ ಉಳಿಯಬಾರದೆಂಬುದು ಸ್ಪಷ್ಟ.

ಸಾಲನ್ನು ಹೀಗೆ ಬರೆಯಿಸಬಹುದು: “ಈ ಆಸ್ತಿಯನ್ನು ಪಡೆದವನು ನಮ್ಮಿಬ್ಬರ ಜೀವಮಾನ ಪರ್ಯಂತ ನಮ್ಮ ಊಟ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಈ ದಾನ ಕೊಟ್ಟಿರುತ್ತೇವೆ. ನಾವಿಬ್ಬರೂ ಬದುಕಿರುವವರೆಗೆ ಸದರಿ ಮನೆಯಲ್ಲಿ ವಾಸಿಸುವ ಹಕ್ಕನ್ನು ನಮ್ಮಲ್ಲಿಯೇ ಉಳಿಸಿಕೊಂಡಿರುತ್ತೇವೆ.” ‘ನಮ್ಮಿಬ್ಬರ’ ಎಂಬ ಪದವನ್ನು ಬಿಡಬಾರದು. ಕಾಗದ ಅಪ್ಪನ ಹೆಸರಿನಲ್ಲಿ ಆಗುತ್ತದೆ, ಅಪ್ಪ ಹೋದ ಮೇಲೆ ಉಳಿಯುವವಳು ಹೆಚ್ಚಾಗಿ ಅವ್ವ. ಪತ್ರ ಬರೆಯುವ ಬಾಂಡ್ ರೈಟರರು ಹಳೆಯ ಮಾದರಿಯನ್ನೇ ನಕಲು ಮಾಡುತ್ತಾರೆ. ನಾವು ಕೇಳದಿದ್ದರೆ ಈ ಸಾಲು ತಾನಾಗಿ ಬರುವುದಿಲ್ಲ.

ನಮ್ಮ ಮುಂಬಯಿಯ ಬಂಧುಗಳಿಗೆ ಇದರ ಇನ್ನೊಂದು ಮುಖವೂ ಗೊತ್ತಿದೆ. ಊರ ಮನೆ ಮಾರಿ ಬಂದ ಹಣವನ್ನು ಡೊಂಬಿವಲಿಯಲ್ಲೋ ಬೇರೆಲ್ಲೋ ಖೋಲಿಗೆ ಹಾಕಿ, ಕರಾರು ಮಗ ಸೊಸೆಯರ ಹೆಸರಿನಲ್ಲಿ ಆಗುತ್ತದೆ. ಅವ್ವ ಅಪ್ಪ ಊರಿನಲ್ಲಿ ನೆಲೆಯಿಲ್ಲದೆ, ಇಲ್ಲಿ ಹೆಸರಿಲ್ಲದೆ ಉಳಿಯುತ್ತಾರೆ. ಹಣ ಅವರದಾದರೆ ಖರೇದಿಯಲ್ಲಿ ಅವರ ಹೆಸರೂ ಸೇರಲಿ. ಸೊಸೆಯ ಹಕ್ಕೂ ಸಣ್ಣದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಈ ಕಾಯದೆಯನ್ನು ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಲು ಯತ್ನಿಸಿದ ಬೆಂಗಳೂರಿನ ಒಂದು ಪ್ರಕರಣದಲ್ಲಿ, 2005ರ ಕೌಟುಂಬಿಕ ಹಿಂಸೆಯ ಕಾಯದೆ ಹೆಂಗಸಿಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯದೆ ಅಳಿಸಲಾರದು, ಎರಡನ್ನೂ ಕೂಡಿಸಿಯೇ ಓದಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಷರತ್ತಿಲ್ಲದೆ ಬರೆದುಕೊಟ್ಟು ಆಗಿಹೋಗಿದ್ದರೆ? ಆಸ್ತಿ ತಿರುಗಿ ಬರುವುದು ಕಷ್ಟ. ಪೋಷಣೆಯ ಹಕ್ಕು ಮಾತ್ರ ಎಲ್ಲಿಗೂ ಹೋಗಿಲ್ಲ. ಕಾಗದ ಇರಲಿ ಬಿಡಲಿ, ತಮ್ಮ ಗಳಿಕೆಯಿಂದ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾಗದ ತಂದೆತಾಯಿಗಳು ಮಕ್ಕಳಿಂದ ಪೋಷಣೆಯನ್ನು ಕೇಳಬಹುದು. ಮಕ್ಕಳೆಂದರೆ ಗಂಡುಮಕ್ಕಳಷ್ಟೇ ಅಲ್ಲ. ಹೆಣ್ಣುಮಕ್ಕಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಕೂಡ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಯನ್ನು ಪಡೆದಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರನ್ನು ಕೇಳಬಹುದು.

ಅರ್ಜಿ ಹೋಗಬೇಕಾದದ್ದು ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಜನ ಎ.ಸಿ. ಸಾಹೇಬರೆನ್ನುವವರು, ಮಹಾರಾಷ್ಟ್ರದ ಹಳ್ಳಿಗಳ ಕಡೆ ಪ್ರಾಂತ ಅಧಿಕಾರಿ. ಹಿರಿಯರು ಇರುವ ಜಿಲ್ಲೆಯಲ್ಲಿ ಅಥವಾ ಮಕ್ಕಳು ಇರುವ ಜಿಲ್ಲೆಯಲ್ಲಿ ಕೊಡಬಹುದು. ಅಂದರೆ ಅಪ್ಪ ವಿಜಯಪುರದಲ್ಲಿದ್ದು ಮಗ ಠಾಣೆಯಲ್ಲಿದ್ದರೆ ಎರಡೂ ಕಡೆ ದಾರಿ ಇದೆ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೊಬ್ಬರು ಅಥವಾ ಸಂಸ್ಥೆಯೊಂದು ಅರ್ಜಿ ಕೊಡಬಹುದು. ನೋಟೀಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯದೆ ಹೇಳುತ್ತದೆ. ವಿಶೇಷ ಕಾರಣವಿದ್ದರೆ ಒಂದು ಸಲ 30 ದಿನ ಮುಂದೂಡಬಹುದು. ವಿಚಾರಣೆ ನಡೆದಿರುವಾಗಲೇ ಮಧ್ಯಂತರ ಮೊತ್ತವನ್ನು ಕೊಡಿಸಬಹುದು. ಆದೇಶದ ಪ್ರತಿಗೆ ಹಿರಿಯರಿಂದ ಶುಲ್ಕ ಪಡೆಯುವಂತಿಲ್ಲ. ಆದೇಶವಾದ ಮೇಲೂ ಮಗ ಕೊಡದಿದ್ದರೆ, ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ತಿಳಿಸಿದಲ್ಲಿ ವಸೂಲಿಗೆ ವಾರಂಟು ಹೊರಡುತ್ತದೆ, ಒಂದು ತಿಂಗಳವರೆಗೆ ಜೈಲೂ ಆಗಬಹುದು. ಈ ಮೂರು ತಿಂಗಳ ಗಡುವನ್ನು ತಪ್ಪಿಸಿಕೊಳ್ಳಬಾರದು.

ಮೊತ್ತದ ವಿಷಯದಲ್ಲಿ ಈ ಕಾಯದೆ ಜಿಪುಣ. ರಾಜ್ಯಗಳು ಗೊತ್ತುಪಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ ಎಂದು 2007ರಲ್ಲಿ ಬರೆದಿಟ್ಟರು. ಇಂದಿನ ಔಷಧದ ಬೆಲೆಗೆ ಅದು ಎಲ್ಲಿ ಸಾಕು? ಹೆಚ್ಚು ಬೇಕೆನ್ನುವವರಿಗೆ ಇನ್ನೊಂದು ಬಾಗಿಲಿದೆ. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಅದರಡಿ ಮ್ಯಾಜಿಸ್ಟ್ರೇಟರ ಮುಂದೆ ಹೋದರೆ ಇಂಥ ಮೇಲ್ಮಿತಿ ಇಲ್ಲ. ತಂದೆತಾಯಿ ತಾವು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಮದುವೆಯಾದ ಮಗಳೂ ಸ್ವಂತ ಗಳಿಕೆ ಇದ್ದರೆ ಇದಕ್ಕೆ ಬಾಧ್ಯಳೆಂದು ಸುಪ್ರೀಂ ಕೋರ್ಟು 1987ರಲ್ಲಿಯೇ ಹೇಳಿದೆ. ಆದರೆ ಎರಡು ಬಾಗಿಲುಗಳಲ್ಲಿ ಒಂದನ್ನೇ ಆರಿಸಬೇಕು, ಎರಡೂ ಕಡೆ ಪೋಷಣೆ ಸಿಗದು.

ದೂರದಲ್ಲಿದ್ದು ಹಣ ಕಳಿಸುವ ನಮಗೆ ಮುಖ್ಯವಾದ ಒಂದು ಸಂಗತಿ ಇದೆ. ಅಪ್ಪ ಊರಿನ ಅಣ್ಣನ ಮೇಲೆ ಮಾತ್ರ ಅರ್ಜಿ ಕೊಟ್ಟರೂ, ಪೋಷಿಸಬೇಕಾದ ಇತರರನ್ನು ಸೇರಿಸಿರೆಂದು ಅಣ್ಣ ಕೇಳಿಕೊಳ್ಳಬಹುದು. ಆಗ ನೋಟೀಸು ನಮ್ಮ ಚಾಳಿನ ಬಾಗಿಲಿಗೂ ಬರುತ್ತದೆ. ಆದ್ದರಿಂದ ಮನೆಗೆ ಹಣ ಕಳಿಸುವವರು ಅಣ್ಣನ ಕೈಗೆ ನಗದು ಕೊಟ್ಟು ಬರುವುದಕ್ಕಿಂತ ತಂದೆಯ ಅಥವಾ ತಾಯಿಯ ಸ್ವಂತ ಖಾತೆಗೆ ಬ್ಯಾಂಕಿನ ಮೂಲಕವೇ ಹಾಕುವುದು ಒಳ್ಳೆಯದು. ದಾಖಲೆ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ, ಹಣ ಅವರ ಕೈಗೇ ಸೇರುತ್ತದೆ.

ಪಿತ್ರಾರ್ಜಿತ ಆಸ್ತಿಯನ್ನು ತಂದೆ ತನ್ನದೆಂಬಂತೆ ಪೂರ್ತಿಯಾಗಿ ಬರೆದುಕೊಡಲು ಬರುವುದಿಲ್ಲ; 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿದೆ ಎಂಬುದು ಈಗ ಬಹುಜನರಿಗೆ ತಿಳಿದಿದೆ. ತಿಳಿಯದ ಮಾತು ಇನ್ನೊಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯಂತೆ, ಮೃತ್ಯುಪತ್ರ ಬರೆಯದೆ ಮಗ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ತಾಯಿಗೂ ಸಮಪಾಲು ಇದೆ. ತಂದೆಗೆ ಆ ಮೊದಲ ಸಾಲಿನಲ್ಲಿ ಸ್ಥಾನವಿಲ್ಲ. ತಂದೆ ನಮ್ಮ ಗಳಿಕೆಯನ್ನೇ ನಂಬಿದ್ದರೆ ನಾವೇ ಒಂದು ಮೃತ್ಯುಪತ್ರ ಬರೆದಿಡಬೇಕಾಗುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ನಾಮಿನಿ ಎಂದು ಹೆಸರು ಹಾಕಿದ್ದೇವಲ್ಲ ಎಂದರೆ ಸಾಲದು. ಬ್ಯಾಂಕಿನಿಂದ ಹಣ ಎಣಿಸಿಕೊಳ್ಳಲು ಮಾತ್ರ ನಾಮಿನಿಗೆ ಹಕ್ಕು. ಆ ಹಣದ ಒಡೆತನ ವಾರಸುದಾರರದೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿದೆ.

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬೇಕು. 1987ರ ಕಾಯದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಅಲ್ಲಿ ಪುಕ್ಕಟೆ ವಕೀಲರು ದೊರೆಯುತ್ತಾರೆ, ಅವರ ವರಮಾನ ಎಷ್ಟೇ ಇರಲಿ. ಅದರ ದೂರವಾಣಿ 15100. ಹಿರಿಯರಿಗಾಗಿಯೇ ಇರುವ ದೂರವಾಣಿ 14567. ಹೋಗುವಾಗ ಹಿರಿಯರ ವಯಸ್ಸಿನ ದಾಖಲೆ, ದಾನಪತ್ರದ ನಕಲು, ಹೊಲದ ಉತಾರ, ಮಕ್ಕಳ ಹೆಸರು ಮತ್ತು ವಿಳಾಸ, ಔಷಧದ ಚೀಟಿಗಳು ಕೈಯಲ್ಲಿರಲಿ. ದಾನಪತ್ರದ ನಕಲು ಮಗ ಕೊಡುವುದಿಲ್ಲವೆಂದರೆ ಚಿಂತೆಯಿಲ್ಲ. ನೋಂದಣಿಯಾದ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬಹುದು. ಅದನ್ನು ಮೊದಲು ತರಿಸಿ, ಷರತ್ತಿನ ಸಾಲು ಇದೆಯೇ ಎಂದು ಓದಿಸಿ ನೋಡಿರಿ. ಊರಿನ ಹಿರಿಯರಿಗೆ ಕಾಣದೆ ಹೋದ ಸಾಲು ಕೆಲವೊಮ್ಮೆ ಅದರ ಕೊನೆಯ ಪುಟದಲ್ಲಿ ಇರುತ್ತದೆ.