ಹಾಡುವವನು ಹೋದ ಮೇಲೆ ತಂಡ ಉಳಿದೀತೆ?



ಕಮಠಾಣವಿರಲಿ, ಭಾಲ್ಕಿ, ಔರಾದ ಕಡೆಯ ಬೇರೆ ಯಾವುದೇ ಹಳ್ಳಿಯಿರಲಿ, ಶ್ರಾವಣದ ರಾತ್ರಿ ಗುಡಿಯಲ್ಲಿ ನಡೆಯುವ ಭಜನೆಯನ್ನು ನೀವು ಕೇಳಿರುತ್ತೀರಿ. ಪೇಟಿಯ ಮುಂದೆ ಕುಳಿತವರು ಒಂದು ಸೊಲ್ಲು ಎತ್ತುತ್ತಾರೆ. ಉಳಿದವರು ತಾಳ ಹಾಕುತ್ತ ಅದನ್ನೇ ತಿರುಗಿ ಹೇಳುತ್ತಾರೆ. ಸೊಲ್ಲು ಎತ್ತುವ ಆ ಒಬ್ಬರು ಕೆಲಸಕ್ಕಾಗಿ ಹೈದರಾಬಾದಿಗೋ ಪುಣೆಗೋ ಹೊರಟುಹೋದರು ಎಂದುಕೊಳ್ಳಿ. ತಬಲಾ ಇದೆ, ತಾಳಗಳಿವೆ, ದನಿಗೂಡಿಸುವ ಹತ್ತು ಮಂದಿಯೂ ಇದ್ದಾರೆ. ಮುಂದಿನ ಸೋಮವಾರ ಭಜನೆ ನಡೆಯುತ್ತದೆಯೆ? ಕೆಲವು ಊರುಗಳಲ್ಲಿ ನಡೆಯುತ್ತದೆ. ಕೆಲವು ಊರುಗಳಲ್ಲಿ ಪೇಟಿಯ ಮೇಲೆ ಧೂಳು ಕೂರುತ್ತದೆ.

ಈ ವ್ಯತ್ಯಾಸ ಏಕೆ? ವಿದೇಶದ ರಾಕ್ ತಂಡಗಳ ಅಭಿಮಾನಿಗಳು ಹಲವು ದಶಕಗಳಿಂದ ಚರ್ಚಿಸುತ್ತ ಬಂದಿರುವುದೂ ಇದನ್ನೇ. ಮುಖ್ಯ ಗಾಯಕ ಬದಲಾದರೆ ಅದು ಅದೇ ತಂಡವೆ, ಅಥವಾ ಹಳೆಯ ಹೆಸರಿನ ಹೊಸ ತಂಡವೆ?

ಮೊದಲು ಕಷ್ಟ ಎಲ್ಲಿದೆ ಎಂಬುದನ್ನು ನೋಡೋಣ. ರಾಕ್ ತಂಡದಲ್ಲಿ ಸಾಮಾನ್ಯವಾಗಿ ಗಿಟಾರ್, ಬೇಸ್ ಗಿಟಾರ್, ಡ್ರಮ್ ನುಡಿಸುವವರು ಮತ್ತು ಒಬ್ಬ ಮುಖ್ಯ ಗಾಯಕ ಇರುತ್ತಾರೆ. ಗಿಟಾರ್ ಮುರಿದರೆ ಅಂಥದೇ ಇನ್ನೊಂದನ್ನು ಕೊಳ್ಳಬಹುದು. ಕಂಠವನ್ನು ಹಾಗೆ ಕೊಳ್ಳಲಾಗದು. ಹಾಡುಗಳ ಶ್ರುತಿಯೂ ಆ ಒಬ್ಬ ಗಾಯಕನ ಗಂಟಲಿಗೆ ಹೊಂದುವಂತೆ ನಿಗದಿಯಾಗಿರುತ್ತದೆ. ಜೊತೆಗೆ ಕೇಳುಗರಲ್ಲಿ ಹೆಚ್ಚಿನವರಿಗೆ ಬೇಸ್ ನುಡಿಸುವವನ ಮುಖವೂ ನೆನಪಿರುವುದಿಲ್ಲ. ಅವರ ಪಾಲಿಗೆ ಹಾಡುವವನೇ ತಂಡ.

ಆದರೂ ಉಳಿದ ತಂಡಗಳಿವೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಲಂಡನ್ನಿನ ಐರನ್ ಮೇಡನ್ ತಂಡ ಹಾಡಿತು. ಅದು ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಅಂದು ಹಾಡಿದ ಬ್ರೂಸ್ ಡಿಕಿನ್ಸನ್ ಆ ತಂಡದ ಆರಂಭದ ಗಾಯಕರಲ್ಲ. ಮೊದಲ ಎರಡು ಆಲ್ಬಮ್‌ಗಳಲ್ಲಿ ಹಾಡಿದ್ದವರು ಪಾಲ್ ಡಿಯಾನೊ. 1981ರಲ್ಲಿ ಅವರ ಜಾಗಕ್ಕೆ ಡಿಕಿನ್ಸನ್ ಬಂದರು. ಮರುವರ್ಷ ಹೊರಬಂದ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1993ರಲ್ಲಿ ಡಿಕಿನ್ಸನ್ನರೂ ತಂಡ ಬಿಟ್ಟಾಗ ಬ್ಲೇಜ್ ಬೇಲಿ ಬಂದರು. ಇವರದು ತಗ್ಗಿನ ದನಿ. ಡಿಕಿನ್ಸನ್ನರ ತಾರಸ್ಥಾಯಿಗೆಂದೇ ಕಟ್ಟಿದ ಹಳೆಯ ಹಾಡುಗಳು ಅವರ ಗಂಟಲಿಗೆ ಹೊರೆಯಾದವು. ಎರಡು ಆಲ್ಬಮ್ ಬಂದವು, ಜನಪ್ರಿಯತೆ ಇಳಿಯಿತು. 1999ರಲ್ಲಿ ಡಿಕಿನ್ಸನ್ ಮರಳಿ ಬಂದರು. ಇಷ್ಟೆಲ್ಲ ಆದರೂ ತಂಡ ಒಡೆಯಲಿಲ್ಲವಲ್ಲ, ಏಕೆ? 1975ರಲ್ಲಿ ಅದನ್ನು ಕಟ್ಟಿದವರು ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಹೆಚ್ಚಿನ ಹಾಡುಗಳನ್ನು ಬರೆಯುತ್ತಿದ್ದವರೂ ಅವರೇ. ಅವರು ಒಮ್ಮೆಯೂ ತಂಡ ಬಿಟ್ಟು ಹೋಗಲಿಲ್ಲ.

ಆಸ್ಟ್ರೇಲಿಯದ ಎಸಿ/ಡಿಸಿ ತಂಡದ ಕಥೆಯೂ ಇಂಥದೇ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಅದೇ ಜುಲೈಯಲ್ಲಿ ಬ್ರಯಾನ್ ಜಾನ್ಸನ್ ಹಾಡಿದ ಆಲ್ಬಮ್ ಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಅದೂ ಒಂದು. ತಂಡದ ಗಿಟಾರಿನ ವರಸೆ ಯಂಗ್ ಸಹೋದರರ ಕೈಯಲ್ಲಿತ್ತು, ಅದು ಬದಲಾಗಲಿಲ್ಲ. ಇದಕ್ಕೆ ವಿರುದ್ಧವಾದುದು ಅಮೆರಿಕದ ದಿ ಡೋರ್ಸ್ ತಂಡ. 1971ರಲ್ಲಿ ಜಿಮ್ ಮಾರಿಸನ್ ಸತ್ತ ಮೇಲೆ ಉಳಿದ ಮೂವರು ಎರಡು ಆಲ್ಬಮ್ ಮಾಡಿ 1973ರಲ್ಲಿ ನಿಲ್ಲಿಸಿಬಿಟ್ಟರು. ಮಾರಿಸನ್ನರ ಕವಿತೆ, ಅವರ ವ್ಯಕ್ತಿತ್ವ ಇವೇ ಆ ತಂಡದ ತಿರುಳಾಗಿದ್ದವು.

ಇದೆಲ್ಲ ದೂರದ ಮಾತಾಯಿತು. ನಮ್ಮ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯೊಂದಿದೆ. ಆದರೆ ಅದು ರಾಕ್ ಅಲ್ಲ, ಯಕ್ಷಗಾನ.

ಯಕ್ಷಗಾನದಲ್ಲಿ ಹಾಡುವವರು ಭಾಗವತರು. ಅವರು ವೇಷ ಹಾಕುವುದಿಲ್ಲ, ಕುಣಿಯುವುದೂ ಇಲ್ಲ. ಆದರೂ ಅವರನ್ನು ಒಂದನೆಯ ವೇಷಧಾರಿ ಎಂದೇ ಕರೆಯುವುದು ರೂಢಿ. ಪದ್ಯ ಎತ್ತುವವರು, ಲಯ ಏರಿಸಿ ಇಳಿಸುವವರು, ರಾತ್ರಿಯ ಆಟವನ್ನು ನಡೆಸುವವರು ಅವರೇ. ಗುಂಡ್ಮಿಯ ಕಾಳಿಂಗ ನಾವಡರು ಅಂಥ ಭಾಗವತರು. ನಾರ್ಣಪ್ಪ ಉಪ್ಪೂರರಲ್ಲಿ ಕಲಿತು, ಸಾಲಿಗ್ರಾಮ ಮೇಳದಲ್ಲಿ ಹಾಡಿ, ತಮ್ಮ ಏರುದನಿಯಿಂದ ಕರಾವಳಿಯ ಮನೆಮಾತಾದರು. ಹೊಸ ರಾಗಗಳನ್ನು ರಂಗಕ್ಕೆ ತಂದರು. ‘ನಾಗಶ್ರೀ’ಯಂಥ ಪ್ರಸಂಗಗಳನ್ನು ಸ್ವತಃ ಬರೆದರು. ಅವರ ಪದ ಕೇಳಲೆಂದೇ ಟಿಕೆಟು ಕೊಂಡು ಡೇರೆಯೊಳಗೆ ಕೂರುವವರಿದ್ದರು. 1990ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ, ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಈಗ ಮೇಳದ ಸ್ಥಿತಿಯನ್ನು ಯೋಚಿಸಿ. ವೇಷಧಾರಿಗಳು, ಚಂಡೆ ಮದ್ದಳೆಯವರು, ಬಣ್ಣದ ಚೌಕಿಯವರು, ಡೇರೆ ಕಟ್ಟುವವರು, ಅಡುಗೆಯವರು, ಇಷ್ಟು ಜನರ ವರ್ಷದ ಅನ್ನ ತಿರುಗಾಟದ ಆಟಗಳಿಂದ ಬರಬೇಕು. ದುಃಖವಾಯಿತೆಂದು ಮೇಳವನ್ನು ಮುಚ್ಚುವಂತಿಲ್ಲ. ಸಾಲಿಗ್ರಾಮ ಮೇಳ ಮುಚ್ಚಲಿಲ್ಲ, ಬೇರೆ ಭಾಗವತರ ಹಾಡಿಗೆ ಕುಣಿದು ತಿರುಗಾಟ ಮುಂದುವರಿಸಿತು.

ಇದು ಹೇಗೆ ಸಾಧ್ಯವಾಯಿತು ಎಂಬಲ್ಲಿ ನಮಗೆ ಬೇಕಾದ ವಿಷಯವಿದೆ. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿರುತ್ತವೆ. ಯಾವ ಪದ್ಯಕ್ಕೆ ಯಾವ ತಾಳ ಎಂಬುದು ಪರಂಪರೆಯಿಂದ ಬಂದಿರುತ್ತದೆ. ಅದು ಭಾಗವತರಿಗೆ ತಿಳಿದಂತೆ ಮದ್ದಳೆಯವರಿಗೂ ವೇಷಧಾರಿಗೂ ತಿಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೇಳದಲ್ಲಿ ಹಾಡುವವರು ಒಬ್ಬರೇ ಇರುವುದಿಲ್ಲ. ಬಡಗುತಿಟ್ಟಿನ ಕ್ರಮದಲ್ಲಿ ಆಟದ ಮೊದಲ ಭಾಗವಾದ ಪೂರ್ವರಂಗವನ್ನು ‘ಸಂಗೀತಗಾರ’ ಎಂಬ ಕಿರಿಯ ಹಾಡುಗಾರ ನಡೆಸುತ್ತಾನೆ. ಆಮೇಲೆ ಮುಖ್ಯ ಭಾಗವತರು ತಾಳ ಹಿಡಿಯುತ್ತಾರೆ. ಅಂದರೆ ಮುಂದೆ ಹಾಡಬೇಕಾದವನು ಪ್ರತಿ ರಾತ್ರಿಯೂ ಅದೇ ರಂಗದಲ್ಲಿ, ಅದೇ ಜನರ ಮುಂದೆ ತಯಾರಾಗುತ್ತಿರುತ್ತಾನೆ. ಯಾವ ರಾಕ್ ತಂಡಕ್ಕಿದೆ ಇಂಥ ಏರ್ಪಾಡು?

ಆದರೆ ಮೇಳ ಉಳಿಯಿತು ಎಂದ ಮಾತ್ರಕ್ಕೆ ಏನೂ ನಷ್ಟವಾಗಲಿಲ್ಲ ಎಂದಲ್ಲ. ನಾವಡರ ದನಿಯನ್ನು ಜನ ಕ್ಯಾಸೆಟ್ಟುಗಳಲ್ಲಿ ಹುಡುಕಿ ಕೇಳಿದರು. ಎಷ್ಟೋ ಕಿರಿಯರು ಅವರಂತೆಯೇ ಹಾಡಲು ಹೊರಟರು. ಅನುಕರಣೆಗೆ ಮೊದಲು ಚಪ್ಪಾಳೆ ಬೀಳುತ್ತದೆ, ಕ್ರಮೇಣ ಅದು ಹಾಡುವವನಿಗೇ ಸಂಕೋಲೆಯಾಗುತ್ತದೆ. 2024ರಲ್ಲಿ ನಿಧನರಾದ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ ಹೆಸರಾದದ್ದು ತಮ್ಮದೇ ದನಿಯಿಂದ, ತಮ್ಮದೇ ರೀತಿಯಿಂದ.

ದೆಹಲಿಯ ಇಂಡಿಯನ್ ಓಷನ್ ತಂಡದವರೂ ಅನುಕರಣೆಯ ದಾರಿ ಹಿಡಿಯಲಿಲ್ಲ. ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಂಥ ಇನ್ನೊಬ್ಬರನ್ನು ಹುಡುಕುವ ಬದಲು ಆ ಕೆಲಸವನ್ನು ಹಂಚಿದರು. ಹಿಮಾಂಶು ಜೋಶಿ ಹಾಡಿಗೆ ಬಂದರು, ತಬಲಾಕ್ಕೆ ತುಹೀನ್ ಚಕ್ರವರ್ತಿ ಬಂದರು. ಬ್ರಿಟನ್ನಿನ ಕ್ವೀನ್ ತಂಡದವರದು ಇನ್ನೊಂದು ಬಗೆ. 1991ರಲ್ಲಿ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಬಳಿಕ, ಬೇರೆ ಗಾಯಕರೊಂದಿಗೆ ಪ್ರವಾಸ ಹೊರಟಾಗ ‘ಕ್ವೀನ್’ ಎಂದಷ್ಟೇ ಹೇಳಿಕೊಳ್ಳದೆ, ಕೂಡಿಸುವ ಚಿಹ್ನೆ ಹಾಕಿ ಹೊಸ ಗಾಯಕನ ಹೆಸರನ್ನು ಪಕ್ಕದಲ್ಲಿ ಬರೆದರು. ಟಿಕೆಟು ಕೊಳ್ಳುವವನಿಗೆ ಯಾರು ಹಾಡುತ್ತಾರೆಂದು ಮೊದಲೇ ಗೊತ್ತಾಗುತ್ತದೆ. ನನಗೆ ಇದು ನ್ಯಾಯವಾದ ರೀತಿ ಎನ್ನಿಸುತ್ತದೆ.

ತಿರುಗುಮುರುಗಾದ ಪ್ರಕರಣವೂ ಉಂಟು. ನಮ್ಮ ರಘು ದೀಕ್ಷಿತರ ತಂಡದ ಹೆಸರೇ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಅಲ್ಲಿ ವಾದಕರು ಬಂದುಹೋಗುತ್ತಾರೆ, ಗಾಯಕ ಮಾತ್ರ ಖಾಯಂ. ಗಾಯಕನೇ ಹೋದರೆ ಆ ಹೆಸರಿಟ್ಟುಕೊಂಡು ಹಾಡುವವರು ಯಾರು?

ಮತ್ತೆ ನಮ್ಮ ಗುಡಿಯ ಭಜನೆಗೆ ಬರೋಣ. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಜನ ಇಂದಿಗೂ ಹಾಡುತ್ತಾರೆ. ತತ್ವಪದದ ಕೊನೆಯಲ್ಲಿ ಅಂಕಿತ ಬರುತ್ತದೆ. ಪದ ಕಟ್ಟಿದವರ ಗುರುತು ಪದದೊಳಗೇ ಇರುವುದರಿಂದ ಹಾಡುವವರು ಎಷ್ಟು ತಲೆಮಾರು ಬದಲಾದರೂ ಅದು ಅವರದೇ ಪದವಾಗಿ ಉಳಿಯುತ್ತದೆ. ಹಾಗಿದ್ದೂ ಪೇಟಿಗೆ ಧೂಳು ಹಿಡಿಯುವುದು ಎಲ್ಲಿ? ನೂರು ಪದಗಳು ಒಬ್ಬರ ಬಾಯಲ್ಲಷ್ಟೇ ಇದ್ದು, ಉಳಿದವರಿಗೆ ಪಲ್ಲವಿ ಮಾತ್ರ ಬರುವಲ್ಲಿ. ನಿಮ್ಮೂರಿನ ಹಿರಿಯರು ಇನ್ನೂ ಹಾಡುತ್ತಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ ಪೂರ್ತಿ ಪದ ಬರೆದುಕೊಳ್ಳಿ. ಭಜನೆಯ ಆರಂಭದಲ್ಲಿ, ಜನ ಸೇರುವ ಮೊದಲು, ಒಂದು ಪದ ಎತ್ತಲು ನಿಮಗೇ ಅವಕಾಶ ಕೇಳಿ.

ಒಂದು ಸಣ್ಣ ಸೂಚನೆ. ಹಿರಿಯರು ಕಪ್ಪು ಎರಡರಲ್ಲಿ ಹಾಡುತ್ತಿದ್ದರೆಂದು ನೀವೂ ಅದೇ ಶ್ರುತಿಯಲ್ಲಿ ಕಿರುಚಬೇಕಾಗಿಲ್ಲ. ಪೇಟಿ ನುಡಿಸುವವರಿಗೆ ಹೇಳಿ, ನಿಮ್ಮ ಗಂಟಲಿಗೆ ಸರಿಹೊಂದುವಷ್ಟು ಇಳಿಸಿಕೊಳ್ಳಿ. ಮೊದಲ ಕೆಲವು ವಾರ ಹಿಂದೆ ಕುಳಿತವರು ‘ಮೊದಲಿನಂತೆ ಇಲ್ಲ’ ಎನ್ನುತ್ತಾರೆ. ಆದರೂ ಎರಡನೆಯ ಸೊಲ್ಲಿಗೆ ಅವರೂ ದನಿಗೂಡಿಸುತ್ತಾರೆ.