ಸೂಟ್‌ಕೇಸಿನಲ್ಲಿ ಸಾರಿನ ಪುಡಿ

ಊರಿನಿಂದ ಹೋಗುವ ಫೋನಿನಲ್ಲಿ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ತಾಯಿಯದು, ‘ಊಟ ಆಯ್ತಾ?’ ತಂದೆಯದು, ‘ಕೆಲಸದ್ದು ಏನಾಯ್ತು?’ ಜರ್ಮನಿಯ ಯಾವುದೋ ಹಾಸ್ಟೆಲಿನಲ್ಲಿ ಕುಳಿತ ಹುಡುಗ ಮೊದಲನೆಯದಕ್ಕೆ ‘ಆಯ್ತಮ್ಮ’ ಎನ್ನುತ್ತಾನೆ. ಆಗಿರುವುದು ಬ್ರೆಡ್ಡು, ಜಾಮು. ಎರಡನೆಯದಕ್ಕೆ ‘ನೋಡ್ತಾ ಇದೀನಪ್ಪ’ ಎನ್ನುತ್ತಾನೆ. ಈ ಎರಡು ಪ್ರಶ್ನೆಗಳಿಗೂ ನಂಟಿದೆ ಎಂಬುದು ಹೊಳೆಯುವುದು ಮಾತ್ರ ತಡವಾಗಿ.

ಜರ್ಮನಿಯಲ್ಲಿ ಓದುತ್ತಿರುವ ಭಾರತೀಯರ ಸಂಖ್ಯೆ 2023-24ರಲ್ಲಿ 49 ಸಾವಿರ ದಾಟಿತು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದೇ ದೊಡ್ಡ ಆಕರ್ಷಣೆ. ಆದರೆ ಬದುಕು ಬಿಟ್ಟಿಯಲ್ಲ. ವೀಸಾ ಬೇಕಿದ್ದರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಅದನ್ನೂ ಒಟ್ಟಿಗೆ ತೆಗೆಯುವಂತಿಲ್ಲ, ತಿಂಗಳಿಗೆ 992 ಯೂರೋ ಮಾತ್ರ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ ಕಳೆದು ಉಳಿದದ್ದರಲ್ಲಿ ಹೊಟ್ಟೆ ತುಂಬಬೇಕು. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಅಗ್ಗ, ನಿಜ. ರಾತ್ರಿಯದು?

ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಹೆಚ್ಚೆಂದರೆ ಎರಡು ತಿಂಗಳು. ಕಟ್ಟುವಾಗಲೂ ಎಚ್ಚರ ಬೇಕು. ಹೊರಗಿನ ದೇಶಗಳಿಂದ ಹಾಲಿನ ಉತ್ಪನ್ನಗಳನ್ನು ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ತುಪ್ಪವೂ ಅದರಲ್ಲಿ ಸೇರಿತು. ಹಸಿ ಕರಿಬೇವಿಗೂ ಇದೇ ಗತಿ. ತುಪ್ಪಕ್ಕಾಗಿ ಕೊರಗಬೇಕಾಗಿಲ್ಲ, ಅಲ್ಲಿನ ಬೆಣ್ಣೆ ಒಳ್ಳೆಯದು, ಮನೆಯಲ್ಲೇ ಕಾಯಿಸಿಕೊಳ್ಳಬಹುದು. ಮಿಕ್ಸಿ ಒಯ್ದರೂ ನಡೆಯುತ್ತದೆ. ಅಲ್ಲಿಯೂ ನಮ್ಮಂತೆ 230 ವೋಲ್ಟ್, ಪ್ಲಗ್ಗಿಗೆ ಅಡಾಪ್ಟರ್ ಇದ್ದರೆ ಸಾಕು. ಆದರೆ ರಾತ್ರಿ ಹತ್ತರ ನಂತರ ಚಟ್ನಿ ರುಬ್ಬಿದರೆ ಪಕ್ಕದ ಕೋಣೆಯವರು ಬಾಗಿಲು ತಟ್ಟುತ್ತಾರೆ. ರಾತ್ರಿಯ ಮೌನ ಅಲ್ಲಿ ಬರೀ ಸೌಜನ್ಯವಲ್ಲ, ಕಾನೂನು. ಒಗ್ಗರಣೆಯ ಕಥೆ ಇನ್ನೂ ಬೇರೆ. ಎಣ್ಣೆ ಹೆಚ್ಚು ಕಾದು ಒಣಮೆಣಸಿನಕಾಯಿ ಸೀದರೆ ಛಾವಣಿಯ ಹೊಗೆ ಸೂಚಕ ಕಿರುಚುತ್ತದೆ, ಇಡೀ ಮಹಡಿಯೇ ಹೊರಗೆ ಓಡಿಬರುತ್ತದೆ! ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸುವುದನ್ನು ಎಲ್ಲರೂ ಒಮ್ಮೆ ಅವಮಾನಪಟ್ಟೇ ಕಲಿಯುತ್ತಾರೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಅದಕ್ಕೂ ಉಪಾಯವುಂಟು: ಓವನ್ ಹಚ್ಚದೆ, ಒಳಗಿನ ದೀಪವನ್ನಷ್ಟೇ ಉರಿಸಿ ಪಾತ್ರೆಯನ್ನು ರಾತ್ರಿಯಿಡೀ ಅದರೊಳಗೆ ಇಡುವುದು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಸಾಮಾನು ತರದವನಿಗೆ ಮರುದಿನ ಮೊಸರನ್ನವೂ ಇಲ್ಲ. ಆ ಶನಿವಾರದ ಅಂಗಡಿಯೇ ಅವನ ಮೊದಲ ಜರ್ಮನ್ ಪಾಠಶಾಲೆ. ‘ಕ್ಯುಮೆಲ್’ ಎಂದಿರುವ ಪೊಟ್ಟಣವನ್ನು ಜೀರಿಗೆಯೆಂದು ತಂದು ಸಾರಿಗೆ ಹಾಕಿದವರ ಗೋಳು ಕೇಳಬೇಡಿ. ಅದು ಶಾಜೀರಿಗೆಯನ್ನು ಹೋಲುವ ಬೇರೆಯೇ ಕಾಳು. ನಮ್ಮ ಜೀರಿಗೆಗೆ ಅಲ್ಲಿ ‘ಕ್ರೊಯ್ಟ್ಸ್‌ಕ್ಯುಮೆಲ್’ ಎನ್ನಬೇಕು. ‘ಗ್ರೀಸ್’ ಎಂದರೆ ರವೆ. ಅದರಲ್ಲಿಯೂ ಗಟ್ಟಿ ಗೋಧಿಯದನ್ನೇ ಕೇಳಿ ತಂದರೆ ಉಪ್ಪಿಟ್ಟು ಮುದ್ದೆಯಾಗುವುದಿಲ್ಲ. ಹೀಗೆ ಕೇಳುತ್ತ, ತಪ್ಪುತ್ತ ನಾಲಗೆ ತಿರುಗತೊಡಗುತ್ತದೆ.

ಕೆಲಸದ ಪ್ರಶ್ನೆ ಬಂದು ನಿಲ್ಲುವುದೂ ಈ ನಾಲಗೆಯ ಬಳಿಯೇ. ಎಂ.ಎಸ್. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಹಾಗಾಗಿ ಜರ್ಮನ್ ಬೇಡ ಎಂದು ನಂಬಿ ಹೋಗುವವರು ಬಹಳ. ಪಾಠ ಇಂಗ್ಲಿಷಿನಲ್ಲಿರಬಹುದು, ಆದರೆ ಹೆಚ್ಚಿನ ಕಚೇರಿಗಳು ನಡೆಯುವುದು ಜರ್ಮನ್ ಭಾಷೆಯಲ್ಲಿ. ಸಣ್ಣ ಊರುಗಳ ಕಾರ್ಖಾನೆಗಳಲ್ಲಂತೂ ಸಂದರ್ಶನವೂ ಅದರಲ್ಲೇ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಇಲ್ಲಿಯ ಜನರ ನಡುವೆ ಕನ್ನಡ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ನಮ್ಮ ಹುಡುಗರಿಂದ ಯಾರೂ ನಿಘಂಟು ಕೇಳುತ್ತಿಲ್ಲ, ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದರೆ ಸಾಕು! ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ, ಹೊರಡುವ ಮೊದಲೇ ಒಂದೆರಡು ಹಂತ ಮುಗಿಸಿಕೊಂಡವರಿಗೆ ಮೊದಲ ಆರು ತಿಂಗಳು ಹಗುರ.

ಓದುವಾಗ ದುಡಿಯಲು ಅವಕಾಶವಿದೆ, ಮಿತಿಯೂ ಇದೆ. 2024ರ ಮಾರ್ಚ್ ತಿಂಗಳಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಮೀರಿದರೆ ವೀಸಾಕ್ಕೇ ಕುತ್ತು. ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದು, ಹೋಟೆಲಿನಲ್ಲಿ ತಟ್ಟೆ ತೊಳೆಯುವುದು ಬೇಗ ಸಿಗುತ್ತದೆ. ಮಗ ತಟ್ಟೆ ತೊಳೆಯುತ್ತಾನೆಂದು ನೆಂಟರ ಮುಂದೆ ಹೇಳಲು ಸಂಕೋಚಪಡುವ ತಂದೆತಾಯಿಗಳೂ ಇದ್ದಾರೆ. ಅಲ್ಲಿನ ವಿದ್ಯಾರ್ಥಿಗಳಿಗೆ ಆ ಸಂಕೋಚವಿಲ್ಲ. ಆದರೆ ಮುಂದಿನ ನೌಕರಿಗೆ ಮೆಟ್ಟಿಲಾಗುವುದು ಪ್ರಾಧ್ಯಾಪಕರ ಬಳಿ ಸಹಾಯಕನ ಕೆಲಸ, ಇಲ್ಲವೇ ಕಂಪನಿಯಲ್ಲಿ ‘ವೆರ್ಕ್‌ಷ್ಟುಡೆಂಟ್’ ಆಗಿ ತನ್ನ ವಿಷಯಕ್ಕೇ ಹೊಂದುವ ಕೆಲಸ. ತರಗತಿಗಳಿರುವ ತಿಂಗಳುಗಳಲ್ಲಿ ಇದಕ್ಕೆ ವಾರಕ್ಕೆ 20 ಗಂಟೆ. ಕೆಲಸ ಬಿಡುವಾಗ ಮಾಲೀಕನಿಂದ ಲಿಖಿತ ಪ್ರಮಾಣಪತ್ರ ಕೇಳಿ ಪಡೆಯುವ ಹಕ್ಕು ಅಲ್ಲಿ ಕಾನೂನಿನಲ್ಲೇ ಇದೆ. ಮುಂದಿನ ಅರ್ಜಿಯ ಜೊತೆ ಅದನ್ನು ಲಗತ್ತಿಸುವುದು ವಾಡಿಕೆ. ಸಣ್ಣ ಕೆಲಸವೆಂದು ಆ ಕಾಗದ ಬಿಟ್ಟುಬಂದು ಆಮೇಲೆ ಕೈಕೈ ಹಿಸುಕಿಕೊಳ್ಳಬಾರದು.

ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಸಿಗುವುದು 18 ತಿಂಗಳು. ಊರಿನಲ್ಲಿ ಕುಳಿತು ಎಣಿಸಿದರೆ ಧಾರಾಳ. ಅರ್ಜಿ ಹಾಕಿ, ವಾರಗಟ್ಟಲೆ ಕಾದು, ‘ವಿಷಾದಿಸುತ್ತೇವೆ’ ಎಂಬ ಪತ್ರ ಓದಿ, ಮತ್ತೆ ಹಾಕುವವನಿಗೆ ಗೊತ್ತು, ಅದು ಎಷ್ಟು ಬೇಗ ಸವೆಯುತ್ತದೆಂದು. ಇತ್ತ ಬ್ಯಾಂಕಿನ ಸಾಲದ ಕಂತು ಶುರುವಾಗಿರುತ್ತದೆ. ಆದ್ದರಿಂದ ಬಲ್ಲವರು ಹುಡುಕಾಟವನ್ನು ಪದವಿ ಮುಗಿಯುವವರೆಗೆ ಮುಂದೂಡುವುದಿಲ್ಲ, ಎರಡನೆಯ ಸೆಮಿಸ್ಟರಿನಲ್ಲೇ ತೊಡಗುತ್ತಾರೆ.

ಆ ದಿನಗಳಲ್ಲಿ ಹಾಸ್ಟೆಲಿನ ಸಾಮೂಹಿಕ ಅಡುಗೆಮನೆ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಬ್ರೆಡ್ಡು ತಿನ್ನುವವನಿಗೆ ಪಕ್ಕದವರ ಹೆಸರೂ ತಿಳಿಯುವುದಿಲ್ಲ. ಒಲೆಯ ಮೇಲೆ ಬಿಸಿಬೇಳೆಬಾತ್ ಇಟ್ಟವನನ್ನು ‘ಇದೇನು ಪರಿಮಳ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ತಟ್ಟೆ ಆಚೆ ಹೋಗುತ್ತದೆ, ಮುಂದಿನ ವಾರ ಆಲೂಗಡ್ಡೆಯ ಸಲಾಡ್ ಈಚೆ ಬರುತ್ತದೆ. ಕೆಲವು ತಿಂಗಳ ನಂತರ, ಕಣ್ಣಲ್ಲಿ ನೀರು ತುಂಬಿಕೊಂಡು ಖಾರದ ಭಾತು ತಿನ್ನುತ್ತಿರುವ ಆ ಜರ್ಮನ್ ಗೆಳೆಯನೇ ಅದೇ ಮೇಜಿನ ಮೇಲೆ ಅರ್ಜಿಯನ್ನು ಹರಡಿಕೊಂಡು ‘ಡೇರ್, ಡೀ, ದಾಸ್’ ತಪ್ಪುಗಳನ್ನು ಒಂದೊಂದಾಗಿ ಪೆನ್ಸಿಲಿನಿಂದ ತಿದ್ದುತ್ತಿರುತ್ತಾನೆ.